ಉಣ್ಣೆ ತುಳಿದವರ ಹೆಸರು

"ಸಿದ್ದಪ್ಪ" ಎಂದು ವಾರ್ಡಿನ ತುದಿಯಿಂದ ಯಾರೋ ಕೂಗಿದರು. ನಾನು ಬೆಚ್ಚಿ ಬಾಗಿಲ ಕಡೆ ನೋಡಿದೆ. ಹಂದನಕೆರೆಯಲ್ಲಿರುವ ನಮ್ಮಪ್ಪ ಇಂಗ್ಲೆಂಡಿನ ಆಸ್ಪತ್ರೆಗೆ ಬರುವುದುಂಟೇ? ಕರೆದದ್ದು ಅಲ್ಲಿ ನರ್ಸಾಗಿ ಸೇರಿದ್ದ ನನ್ನನ್ನು. ಪಾಸ್‌ಪೋರ್ಟಿನಲ್ಲಿ ಭಾಗ್ಯ ಎಂಬ ನನ್ನ ಹೆಸರಿನ ಜೊತೆ ಅಪ್ಪನ ಹೆಸರಿದೆ. ಇಲ್ಲಿಯವರು ಅದನ್ನೇ ಮನೆತನದ ಹೆಸರೆಂದು ಹಿಡಿದರು. ನಮ್ಮವ್ವ ಇಡೀ ಬದುಕಿನಲ್ಲಿ ಬಾಯಿಬಿಟ್ಟು ಹೇಳದ ಹೆಸರನ್ನು ಇಲ್ಲಿ ಚಿಕ್ಕಚಿಕ್ಕ ನರ್ಸುಗಳು ಮೂತ್ರದ ಬಾಟಲಿ ತರಲು ಕೂಗುತ್ತಿದ್ದರು. ಮೈ ಉರಿಯುತ್ತಿತ್ತು.

ನಮಗೆ ಮನೆತನದ ಹೆಸರು ಇರಲಿಲ್ಲವೆಂದಲ್ಲ, ಊರಿನಲ್ಲಿ ನಾವು ಕಂಬಳಿಯವರು. ಅಪ್ಪ ಕಂಬಳಿ ನೇಯುತ್ತಿದ್ದ. ಜಗುಲಿಯ ಮೇಲೆ ಮಗ್ಗ, ಹಿತ್ತಲಲ್ಲಿ ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿ ಕುದಿಯುವ ಹಂಡೆ. ಶಾಲೆಯಲ್ಲಿ ಮೇಷ್ಟ್ರು "ಏ ಕಂಬಳಿ, ಹಿಂದಕ್ಕೆ ಹೋಗು, ಕುರಿ ನಾತ" ಎನ್ನುತ್ತಿದ್ದರು. ಅದನ್ನು ನಾನು ಮನೆಯಲ್ಲಿ ಹೇಳಿದ ವರ್ಷವೇ ಅಪ್ಪ ಮಗ್ಗ ಕಿತ್ತು, ತಿಪಟೂರಿನ ಮಂಡಿಗೆ ಕೊಬ್ಬರಿ ಚೀಲ ಹೊರಲು ಹೋದ.

ಯಾರ್ಕ್‌ಷೈರ್ ಸೀಮೆಯ ಈ ಊರು ಹಿಂದೆ ಉಣ್ಣೆ ಗಿರಣಿಗಳ ಊರು. ಈಗ ಗಿರಣಿಗಳಲ್ಲಿ ಫ್ಲ್ಯಾಟುಗಳಿವೆ. ಎಲ್ಲರೂ ಎಲ್ಲರನ್ನೂ 'ಲವ್' ಎನ್ನುತ್ತಾರೆ. ಅದರಲ್ಲಿ ಪ್ರೀತಿಯೇನೂ ಇಲ್ಲ, ನಮ್ಮ 'ಕಣವ್ವ' ಇದ್ದ ಹಾಗೆ. ಅಂಗಡಿಯ ತೆಂಗಿನಕಾಯಿಗೆ ಜುಟ್ಟಿಲ್ಲ, ಒಡೆದರೆ ಒಳಗೆ ಹುಳಿನೀರು. ತೆಂಗಿನ ಸೀಮೆಯವಳು ಅದನ್ನು ತಿನ್ನಬೇಕು.

ಆಸ್ಪತ್ರೆಯ ಹಾಸ್ಟೆಲ್ ಬಿಡುವ ಹೊತ್ತು ಬಂದಾಗ ಒಂದು ಕನ್ನಡದ ಮನೆಯಲ್ಲಿ ರೂಮಿದೆ ಎಂದು ತಿಳಿಯಿತು. ಬಾಗಿಲು ತೆರೆದೊಡನೆ ಹುಳಿಯ ಒಗ್ಗರಣೆಯ ವಾಸನೆ. ನನಗೆ ಅಳು ಬಂತು.

"ತಿಪಟೂರು ಕಡೆಯವ್ರಾ? ನಮ್ಮ ಯಜಮಾನ್ರೂ ಆ ಕಡೆಯವರೇ ಕಣ್ರೀ. ಸರ್‌ನೇಮ್ ಏನು?" ಎಂದರು ಮನೆಯಾಕೆ.

"ಸಿದ್ದಪ್ಪ."

"ಅದು ಅಪ್ಪನ ಹೆಸರಲ್ವಾ. ನಿಮ್ಮ ತಾತ ಏನ್ ಮಾಡ್ತಿದ್ರು?"

"ಕಂಬಳಿ ನೇಯ್ತಿದ್ರು."

ಅವರ ನಗು ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು. "ರೂಮೇನೋ ಇದೆ. ಆದ್ರೆ ಅಡಿಗೆಮನೇಲೇ ದೇವರಿದೆ ನೋಡಿ. ನಿಮಗೇ ಕಷ್ಟ ಆಗುತ್ತೆ."

ಏಳು ಸಮುದ್ರ ದಾಟಿ ಬಂದರೂ ಆಕೆ ಜಾತಿಯ ಜರಡಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ಬಂದಿದ್ದರು. ಕೊನೆಗೆ ರೂಮು ಕೊಟ್ಟದ್ದು ಪೋಲೆಂಡಿನ ಒಬ್ಬ ವಿಧವೆ. ಸಿಗರೇಟು ಸೇದುತ್ತೀಯಾ ಎಂದಷ್ಟೇ ಕೇಳಿದಳು.

ಆ ವಾರ ನನ್ನ ವಾರ್ಡಿನಲ್ಲಿ ಸೊಂಟದ ಮೂಳೆ ಮುರಿದ ಮುದುಕರೊಬ್ಬರಿದ್ದರು. ಬಸ್ ಓಡಿಸಿ ನಿವೃತ್ತರಾದವರು, ಹೆಸರು ವಾಕರ್. ಅವರನ್ನು ಎಬ್ಬಿಸಿ ನಿಲ್ಲಿಸುತ್ತಾ, "ಹೆಸರೇ ವಾಕರ್, ನಡೆಯಲು ಹೆದರಿದರೆ ಹೇಗೆ?" ಎಂದೆ.

"ಅದು ನಡೆಯುವವನ ಹೆಸರಲ್ಲ ಲವ್, ತುಳಿಯುವವನದು" ಎಂದರು. ಮಗ್ಗದಿಂದ ಇಳಿದ ಉಣ್ಣೆಬಟ್ಟೆ ಸಡಿಲವಾಗಿರುತ್ತಿತ್ತಂತೆ. ಅದನ್ನು ತೊಟ್ಟಿಗೆ ಹಾಕಿ, ನೀರಿಗೆ ಹಳಸಿದ ಮೂತ್ರ ಬೆರೆಸಿ, ಬರಿಗಾಲಲ್ಲಿ ತುಳಿದು ತುಳಿದು ಬಿಗಿ ಮಾಡಬೇಕು. ಉತ್ತರದ ಈ ಕಡೆ ಆ ಕೆಲಸದವನು ವಾಕರ್. ದಕ್ಷಿಣದಲ್ಲಿ ಅವನೇ ಫುಲ್ಲರ್, ನೈರುತ್ಯದ ಮೂಲೆಯಲ್ಲಿ ಟಕ್ಕರ್. ಮುಂದೆ ನೀರಿನಿಂದ ಓಡುವ ಯಂತ್ರದ ಕೊಡತಿಗಳು ಬಂದವು, ಕಾಲಿಗೆ ಕೆಲಸ ತಪ್ಪಿತು, ಹೆಸರು ಉಳಿಯಿತು. "ಉಚ್ಚೆ ತುಳಿದವರ ವಂಶ ನಮ್ಮದು" ಎಂದು ಮುದುಕರು ಎದೆಯುಬ್ಬಿಸಿ ನಕ್ಕರು.

ನನಗೆ ನಗು ಬರಲಿಲ್ಲ. "ಹೆಣ್ಣು ಕೊಡುವಾಗ ಆ ಹೆಸರು ಅಡ್ಡ ಬರಲಿಲ್ಲವೇ?" ಎಂದೆ.

"ಮಾವ ನನ್ನ ಕುಡಿತ ನೋಡಿ ಹಿಂದೆಮುಂದೆ ನೋಡಿದ. ಹೆಸರಿಗೇನು?"

ರೂಮಿನ ಕಥೆ, ಅಪ್ಪ ಮಗ್ಗ ಕಿತ್ತ ಕಥೆ ಎರಡನ್ನೂ ಹೇಳಿದೆ. ನನ್ನ ದನಿ ಏರಿತ್ತು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಮೂತ್ರದಲ್ಲಿ ನಿಂತು ದುಡಿದವನ ಮೊಮ್ಮಕ್ಕಳು ಹೆಸರನ್ನು ಪದಕದ ಹಾಗೆ ತೊಟ್ಟಿದ್ದಾರೆ. ಜನರ ಚಳಿ ಕಳೆದ ನಮ್ಮಪ್ಪ ತನ್ನ ಹೆಸರನ್ನು ಮೈಲಿಗೆಯ ಹಾಗೆ ತೊಳೆದುಕೊಂಡ. ಯಾವ ನ್ಯಾಯ ಇದು?

ವಾಕರ್ ನನ್ನ ಬ್ಯಾಡ್ಜಿನಲ್ಲಿದ್ದ ಸಿದ್ದಪ್ಪ ಎಂಬುದನ್ನು ಓದಿ, "ಹಾಗಾದರೆ ನಿನ್ನ ಹೆಸರೇನು?" ಎಂದರು.

"ಕಂಬಳಿ."

"ಚೆನ್ನಾಗಿದೆ" ಎಂದರು. ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ಅವರ ಮೇಲೂ ಸಿಟ್ಟು ಬಂತು. ಆದರೂ ಮರುವಾರ ಆಫೀಸಿಗೆ ಹೋಗಿ ಬ್ಯಾಡ್ಜ್ ಬದಲಿಸಲು ಕೇಳಿದೆ. ಅಲ್ಲಿದ್ದವಳು ಅಕ್ಷರಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡಳು, ಏಕೆಂದು ಕೇಳಲಿಲ್ಲ.

ಊರಿಗೆ ವಿಡಿಯೋ ಕರೆ ಮಾಡಿ ಅಪ್ಪನಿಗೆ ಹೊಸ ಬ್ಯಾಡ್ಜ್ ತೋರಿಸಿದೆ.

"ಇಂಗ್ಲೀಷಲ್ಲೈತೆ. ಏನಂತ ಬರ್ದವ್ರೆ?"

"ಭಾಗ್ಯ ಕಂಬಳಿ ಅಂತ, ಅಪ್ಪ."

ಅಪ್ಪನ ಮುಖ ಪರದೆಯಿಂದ ಸರಿಯಿತು. ಮಾಡಿನ ಹೆಂಚಷ್ಟೇ ಕಾಣುತ್ತಿತ್ತು. "ಅದನ್ನ ನಿನ್ ಮೈಮ್ಯಾಲಿಂದ ಬುಡಿಸ್ಬೇಕು ಅಂತ್ಲೇ ನಾನು ಮಗ್ಗ ಕಿತ್ತಿದ್ದು ಕಣವ್ವ. ಅಷ್ಟು ದೂರ ಹೋಗಿ ಎದೆ ಮ್ಯಾಲೆ ಹಾಕ್ಕಂಡಿದೀಯಲ್ಲ."

"ಇಲ್ಲಿ ಅದಕ್ಕೆ ನಾತ ಇಲ್ಲ ಅಪ್ಪ."

"ಅಲ್ಲಿಲ್ಲ. ಇಲ್ಲೈತೆ. ಬರೋವಾಗ ತೆಗ್ದಿಟ್ಟು ಬಾ."

ಆಗಲಿ ಎಂದೆ. ಆ ಮಾತು ಬಾಯಿಂದ ಬಿದ್ದೊಡನೆ ಸಿಟ್ಟು ಬಂತು. ಅದು ಅಪ್ಪನ ಮೇಲಲ್ಲ. ಒಬ್ಬ ಮನುಷ್ಯ ತಾನು ನೇಯ್ದದ್ದಕ್ಕೇ ಇಷ್ಟು ನಾಚುವಂತೆ ಮಾಡಿದವರ ಮೇಲೆ. ಕೆಲಸಕ್ಕೆ ಹೊತ್ತಾಗಿತ್ತು. ಅಂಗಿಗೆ ಆ ಹೆಸರು ಸಿಕ್ಕಿಸಿಕೊಂಡು ಹೊರಟೆ. ಇಲ್ಲಿ ಅದು ನನ್ನದು. ಅಲ್ಲಿ ಅದನ್ನು ನನ್ನದೆನ್ನಲು ಅಪ್ಪ ಇನ್ನೂ ಒಪ್ಪಿಲ್ಲ.