ಒಂದು ಸೈಜು ದೊಡ್ಡ ಫ್ರೇಮು

ಕಾಕಾನ ಪ್ಯಾಂಟಿನ ತುದಿಯಲ್ಲಿ, ಒಳಗಡೆಗೆ, ಗೇಣುದ್ದ ಬಟ್ಟೆ ಮಡಚಿ ಹೊಲಿದಿರುತ್ತಿತ್ತು. ಐವತ್ತು ದಾಟಿದ ಮೇಲೂ ಅಷ್ಟೇ. ಅವನು ಕೂತರೆ ಆ ಮಡಿಕೆ ಪಾದದ ಸುತ್ತ ಸೆಟೆದು ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಪ್ಯಾಂಟೆಲ್ಲ ಒಣಗಿದರೂ ಅದೊಂದು ಮಾತ್ರ ಹಸಿಯಾಗಿಯೇ ಇದ್ದು ಮನೆಯೆಲ್ಲ ಮುಗ್ಗಲು ವಾಸನೆ. "ಇನ್ನ ಯಾವಾಗ ಬೆಳೀತೀರಿ? ಅದನ್ನ ಕತ್ತರಿಸಿ ಒಗೀಬಾರ್ದೇನ್ರಿ?" ಎಂದು ಅವನ ಹೆಂಡತಿ, ನಮ್ಮ ಕಾಕು, ರೇಗಿಸಿದರೆ, "ಕತ್ತರಿಸಿದ ಅರಿವಿ ಮತ್ತ ಬರ್ತೈತೇನು?" ಎಂದು ಕನ್ನಡಕ ಮೇಲೇರಿಸುತ್ತಿದ್ದ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ರಾಯಚೂರಿನಿಂದ ಹೈದರಾಬಾದಿಗೆ ಬಂದು, ಕಾಚಿಗೂಡ ಸ್ಟೇಷನ್ನಿನ ಹತ್ತಿರದ ಒಂದು ಗಲ್ಲಿಯಲ್ಲಿ ಶಾಲೆಯ ಯೂನಿಫಾರ್ಮ್ ಅಂಗಡಿ ಇಟ್ಟಿದ್ದ. ನಾನು ಇಂಜಿನಿಯರಿಂಗ್ ಓದಲು ಬಂದವನು ಅವನ ಮನೆಯಲ್ಲೇ ಉಳಿದುಬಿಟ್ಟೆ. ಮಕ್ಕಳಿಲ್ಲದ ಅವರಿಬ್ಬರ ಮನೆಯಲ್ಲಿ ನನ್ನ ಊಟ, ಜ್ವರ, ಪರೀಕ್ಷೆ ಎಲ್ಲವೂ ದೊಡ್ಡ ಸುದ್ದಿಗಳಾಗಿದ್ದವು.

ಶಾಲೆ ಶುರುವಾಗುವ ದಿನಗಳಲ್ಲಿ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಕಾಕಾ ತೆಲುಗಿನವರಿಗೆ ತೆಲುಗು, ಸಾಬರಿಗೆ ಹಿಂದಿ, ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯವರಿಗೆ ಕನ್ನಡ ಮಾತಾಡುತ್ತ, ಮಕ್ಕಳ ಹೆಗಲು, ಎದೆ, ಸೊಂಟಕ್ಕೆ ಟೇಪು ಹಿಡಿಯುತ್ತಿದ್ದ. ಅಳತೆ ಮಾತ್ರ ಚಾಚೂ ತಪ್ಪದು. ಆದರೆ ಅಳೆದಾದ ಮೇಲೆ ಕಪಾಟಿನಿಂದ ತೆಗೆಯುತ್ತಿದ್ದುದು ಅದಕ್ಕಿಂತ ಒಂದು ಸೈಜು ದೊಡ್ಡದು. "ಬೆಳಿಯೂ ಕೂಸೈತ್ರಿ, ದೊಡ್ಡದ ಇರ್ಲಿ." ಈ ಒಂದು ಮಾತನ್ನು ಮೂರೂ ಭಾಷೆಯಲ್ಲಿ ಹೇಳುತ್ತಿದ್ದ. ತಾಯಂದಿರಿಗೂ ಅದೇ ಬೇಕಿತ್ತು. ಮಕ್ಕಳು ಮಾತ್ರ ತೋಳಿನೊಳಗೆ ಕೈ ಹುಡುಕುತ್ತ ಮನೆಗೆ ಹೋಗುತ್ತಿದ್ದವು.

ಚಿಕ್ಕಂದಿನಿಂದ ಅವನು ಕಳಿಸಿದ ಬಟ್ಟೆ ತೊಟ್ಟ ನಾನೂ ಆ ಲೆಕ್ಕದಲ್ಲೇ ಬೆಳೆದವನು. ಬೆಳೆದೆ ಎನ್ನುವುದು ಮರ್ಯಾದೆಯ ಮಾತು, ಅಷ್ಟೇ. ನಮ್ಮ ಮನೆತನದಲ್ಲಿ ಎಲ್ಲರೂ ಬಾಗಿಲಿಗೆ ತಲೆ ಬಗ್ಗಿಸಿ ಬರುವವರು. ಕುಳ್ಳರು ಎಂದರೆ ಕಾಕಾ ಮತ್ತು ನಾನು. ನೌಕರಿ ಸೇರುವ ದಿನ ಅವನು ಹೊಲಿಸಿಕೊಟ್ಟ ಅಂಗಿಯಲ್ಲಿ ಇನ್ನೊಬ್ಬ ಉದ್ಯೋಗಿಗೂ ಜಾಗವಿತ್ತು. ನಗುತ್ತಲೇ ತೊಟ್ಟುಕೊಂಡೆ, ಆದರೆ ಒಳಗೊಳಗೆ ಚುಚ್ಚುತ್ತಿತ್ತು. ಈಗಿರುವ ನಾನು ಯಾರಿಗೂ ಸಾಲುತ್ತಿಲ್ಲ ಅನ್ನಿಸುತ್ತಿತ್ತು.

ಊರಂಚಿನ ಉಪ್ಪಲ್ ಕಡೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ನಮ್ಮ ಆಫೀಸಿನ ಹಿಂದೆ, ಪಾಯ ಅಗೆದ ಮಣ್ಣನ್ನು ಖಾಲಿ ಜಾಗದಲ್ಲಿ ಸುರಿದಿದ್ದರು. ಭಾನುವಾರ ಕೆಲವು ಗೆಳೆಯರು ಆ ಗುಡ್ಡೆಗಳನ್ನು ಸಲಿಕೆಯಿಂದ ತಟ್ಟಿ ಇಳಿಜಾರು ಮಾಡಿ, ಸೈಕಲ್ ಸಮೇತ ಗಾಳಿಗೆ ಹಾರುತ್ತಿದ್ದರು. ಡರ್ಟ್ ಜಂಪ್ ಸೈಕಲ್ ಎಂದು ಅದಕ್ಕೆ ಹೆಸರು. ಗೇರಿಲ್ಲ, ಮಡ್‌ಗಾರ್ಡ್ ಇಲ್ಲ. ಸೀಟು ಇದೆ ಎಂದು ಹೇಳಿಕೊಳ್ಳಬಹುದು, ಅಷ್ಟು ಕೆಳಗೆ. ಸಹೋದ್ಯೋಗಿಯೊಬ್ಬ ತನ್ನ ಸೈಕಲ್ ಕೊಟ್ಟ. ಕೆಲವು ವಾರ ಬಿದ್ದೆದ್ದು, ಒಂದು ದಿನ ಎರಡೂ ಚಕ್ರಗಳನ್ನು ಒಟ್ಟಿಗೆ ನೆಲದಿಂದ ಎತ್ತಿ ಮೊಣಕಾಲೆತ್ತರದ ಕಟ್ಟೆಯ ಮೇಲೆ ಇಳಿದೆ. ಉಳಿದವರು ಸಿಳ್ಳೆ ಹೊಡೆದರು. ನನ್ನ ಎತ್ತರದ ವಿಷಯ ಯಾರೂ ಎತ್ತಲಿಲ್ಲ. ನನ್ನದೇ ಒಂದು ಫ್ರೇಮು ಕೊಂಡು ಸೈಕಲ್ ಕಟ್ಟಿಸಬೇಕೆಂದು ಅವತ್ತೇ ನಿರ್ಧರಿಸಿದೆ.

"ಮನ್ಯಾಗ ಹಿರ್ಯಾ ಅಂತ ನಾ ಇದ್ದಾಗ ಒಬ್ಬನ ಹೋಗಿ ತರ್ತಿ ಏನು?" ಎಂದು ಕಾಕಾ ಅಂಗಡಿ ಅರ್ಧ ದಿನ ಮುಚ್ಚಿ ಹೊರಟ. ತಾರ್ನಾಕದ ಸೈಕಲ್ ಅಂಗಡಿಯಲ್ಲಿ ಗೋಡೆಯ ತುಂಬ ಫ್ರೇಮುಗಳು ತೂಗುತ್ತಿದ್ದವು. ಮಾಲೀಕರು ತೆಲುಗಿನವರು, ನಿಧಾನದ ಮನುಷ್ಯ. ನನ್ನನ್ನು ಮೇಲಿಂದ ಕೆಳಗೆ ನೋಡಿ ಎರಡು ಫ್ರೇಮು ಇಳಿಸಿದರು. ಎರಡೂ ಉಕ್ಕಿನವು. ಚಿಕ್ಕದರಲ್ಲಿ ಸೀಟಿನಿಂದ ಹ್ಯಾಂಡಲಿಗೆ ಹೋಗುವ ಅಡ್ಡಪಟ್ಟಿ ತಗ್ಗಾಗಿ ಬಾಗಿತ್ತು, ಹಿಂದಿನ ಚಕ್ರ ಕೂರುವ ಭಾಗ ಮೋಟಾಗಿತ್ತು. "ಕಸರತ್ತಿಗೆ ಇದು. ಎತ್ತಲು, ತಿರುಗಿಸಲು ಮೈಗೆ ಹತ್ತಿರ ಇರುತ್ತದೆ. ಆ ಉದ್ದನೆಯದು ಎತ್ತರದವರಿಗೆ" ಎಂದರು.

ಕಾಕಾ ಚಿಕ್ಕದನ್ನು ಹಿಂದೆ ಮುಂದೆ ತಿರುಗಿಸಿದ. "ಏ, ಇದು ಸಣ್ಣ ಹುಡುಗ್ರದು ಕಾಣ್ತೈತಿ. ದೊಡ್ಡದ ತಗೋ."

"ನಾ ಇನ್ನ ಬೆಳಿಯೂದಿಲ್ಲ ಕಾಕಾ."

ಅವನು ನನ್ನನ್ನು ಅಂಗಡಿಯ ಮೂಲೆಗೆ ಕರೆದೊಯ್ದ. ಮಾಲೀಕರಿಗೆ ಕೇಳಿಸದಂತೆ, "ನಮ್ಮಂಥಾವ್ರು ಸಣ್ಣದು ತಗೋಬಾರ್ದೋ ತಮ್ಮಾ. ಮದ್ಲ ಸಣ್ಣಾವ್ರದೀವಿ, ಮಂದಿ ಮತ್ತಷ್ಟು ನಗ್ತಾರ" ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಆ ಧ್ವನಿಗೆ ನನ್ನ ವಾದವೆಲ್ಲ ಕರಗಿಹೋಯಿತು. ಉದ್ದನೆಯ ಫ್ರೇಮಿಗೇ ಸೈಕಲ್ ಕಟ್ಟಿಸಿದೆವು.

ಮುಂದಿನದು ಫಜೀತಿ. ಹ್ಯಾಂಡಲ್ ಅಷ್ಟು ದೂರ ಇದ್ದದ್ದರಿಂದ ಮೈಯನ್ನು ಹಿಂದಕ್ಕೆಳೆದು ಮುಂಚಕ್ರ ಎತ್ತಲು ಆಗುತ್ತಲೇ ಇರಲಿಲ್ಲ. ಎತ್ತಿದರೂ ಹಿಂಚಕ್ರ ಕಟ್ಟೆಗೆ ಬಡಿಯುತ್ತಿತ್ತು. ಸಾಲದ್ದಕ್ಕೆ ಬೀಳುವಾಗ ಆ ಎತ್ತರದ ಅಡ್ಡಪಟ್ಟಿ ಎಲ್ಲಿ ಬಡಿಯಬಾರದೋ ಅಲ್ಲಿಗೇ ಬಡಿಯುತ್ತಿತ್ತು. ಮನೆಯಲ್ಲಿ ಕೇಳಿದರೆ "ಛಲೋ ಐತಿ" ಎನ್ನುತ್ತಿದ್ದೆ. ಹಾಗಾಗಿ ಒಂದು ಭಾನುವಾರ ಕಾಕಾ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು, ಮಗನ ಶಾಲೆಯ ಗ್ಯಾದರಿಂಗಿಗೆ ಬಂದವನ ಠೀವಿಯಲ್ಲಿ ಉಪ್ಪಲಿಗೇ ಬಂದುಬಿಟ್ಟ.

ಅವನೆದುರು ಮತ್ತೆ ಮತ್ತೆ ಬಿದ್ದೆ. ಕಾಕಾ ಎದ್ದು ನಿಂತ, ಕೂತ, ಮತ್ತೆ ಎದ್ದ. ನನ್ನ ಗದ್ದದಿಂದ ರಕ್ತ ಬಂದಾಗ ಸಹೋದ್ಯೋಗಿ ತನ್ನ ಚಿಕ್ಕ ಸೈಕಲ್ಲನ್ನು ನನ್ನ ಕಡೆ ತಳ್ಳಿ, "ಒಂದು ಸಲ ಇದರಲ್ಲಿ ಹೋಗು" ಎಂದ. ಹೋದೆ. ಚಕ್ರಗಳೆರಡೂ ಸಲೀಸಾಗಿ ಎದ್ದವು, ಕಟ್ಟೆಯ ಮೇಲೆ ಮೆತ್ತಗೆ ಇಳಿದೆ. ತಿರುಗಿ ನೋಡಿದರೆ ಕಾಕಾ ರೊಟ್ಟಿಯ ಗಂಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಚಪ್ಪಾಳೆ ಹೊಡೆಯಲಿಲ್ಲ.

ಆ ವಾರದಲ್ಲೇ ಒಂದು ಸಂಜೆ ಮನೆಗೆ ಬಂದರೆ ಪಡಸಾಲೆಯಲ್ಲಿ ನನ್ನ ಸೈಕಲ್ ನಿಂತಿತ್ತು. ಚಕ್ರ ನನ್ನವೇ, ಹ್ಯಾಂಡಲ್ ನನ್ನದೇ. ಫ್ರೇಮು ಮಾತ್ರ ಆ ಚಿಕ್ಕದು. "ಅಳತಿ ತಪ್ಪಿತ್ತು. ಬದ್ಲಿ ಮಾಡಿಸ್ದೆ" ಎಂದು ಕಾಕಾ ಪೇಪರಿನಿಂದ ತಲೆ ಎತ್ತದೆ ಹೇಳಿದ.

ನಡೆದದ್ದನ್ನು ಆಮೇಲೆ ಹೇಳಿದವರು ತಾರ್ನಾಕದ ಮಾಲೀಕರು. ಕಾಕಾ ಆಟೋದಲ್ಲಿ ಸೈಕಲ್ ಹೇರಿಕೊಂಡು ಹೋಗಿದ್ದ. ಫ್ರೇಮಿನ ಬಣ್ಣ ಕಿತ್ತುಹೋಗಿತ್ತು. ಮಾರಿದ ಮಾಲು ವಾಪಸು ಪಡೆಯುವುದಿಲ್ಲ ಎಂಬ ಬೋರ್ಡನ್ನು ಅವರು ತೋರಿಸಿದರು. ಅದೇ ಬೋರ್ಡು ಕಾಕಾನ ಅಂಗಡಿಯಲ್ಲೂ ಇತ್ತು, ಅದರ ಕೆಳಗೆ ನಿಂತು ಎಷ್ಟೋ ತಾಯಂದಿರನ್ನು ಅವನು ವಾಪಸು ಕಳಿಸಿದ್ದ. ಆದರೂ ಅಲ್ಲಿದ್ದ ಗಿರಾಕಿಗಳಿಗೆಲ್ಲ ತಿಳಿಯಲೆಂದು ಹಿಂದಿಯಲ್ಲಿ, ಜೋರಾಗಿ, "ನಾಪ್ ಮೇರಾ ಗಲತ್ ಥಾ ಸೇಠ್, ಬಚ್ಚೇ ಕಾ ನಹೀ" ಎಂದನಂತೆ. ಅಂದರೆ, ತಪ್ಪು ಅಳತೆ ನನ್ನದು, ಹುಡುಗನದಲ್ಲ ಎಂದು. ಜೀವಮಾನವೆಲ್ಲ ಅಳತೆಯನ್ನೇ ನಂಬಿ ಬದುಕಿದವನು ಆ ಮಾತನ್ನು ಹೇಗೆ ಆಡಿದನೋ.

ಸೈಕಲ್ ಬದಲಾಗಿ ಬಂದ ಮರುದಿನ ಬೆಳಿಗ್ಗೆ ಗಲ್ಲಿಯಲ್ಲಿ ಏನೋ ಸದ್ದಾಯಿತೆಂದು ಹೊರಗೆ ಬಂದೆ. ಲುಂಗಿ ಎತ್ತಿ ಕಟ್ಟಿ, ಕಾಕಾ ನನ್ನ ಸೈಕಲ್ಲಿನ ಮೇಲೆ ಕೂತಿದ್ದ. ಅವನು ಸೈಕಲ್ ಹತ್ತಿದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅದು ತನಗೆ ಸೇರುವುದಿಲ್ಲ ಎಂದು ಯಾವಾಗಲೂ ಹೇಳುತ್ತಿದ್ದ.

"ನೋಡಲ್ಲಿ," ಎಂದ, ಕೆಳಗೆ ಬೆರಳು ಮಾಡಿ. "ಎರಡೂ ಕಾಲು ನೆಲಕ್ಕ ಹತ್ಯಾವ."

ಆಮೇಲೆ ಅಲ್ಲೇ ಕೂತು ಹೇಳಿದ. ರಾಯಚೂರಿನಲ್ಲಿ ಬಾಡಿಗೆ ಸೈಕಲ್ ತಂದು ಗೆಳೆಯರೆಲ್ಲ ಒಳಪೆಡ್ಲು ಹೊಡೆಯುತ್ತಿದ್ದರಂತೆ, ಅಡ್ಡಪಟ್ಟಿಯ ಕೆಳಗಿಂದ ಕಾಲು ತೂರಿಸಿ. ಒಬ್ಬೊಬ್ಬರೇ ಉದ್ದವಾಗಿ ಸೀಟಿಗೇರಿದರು. ಇವನ ಕಾಲು ಮಾತ್ರ ನೆಲಕ್ಕೆ ಎಟುಕಲೇ ಇಲ್ಲ. ಮೀಸೆ ಬಂದ ಮೇಲೂ ಒಳಪೆಡ್ಲು ಹೊಡೆಯುವುದನ್ನು ಕಂಡು ಓಣಿಯವರು ನಕ್ಕರು. "ಮುಂದಿನ ವರ್ಷ ಎಟುಕತೈತಿ ಅಂದ್ಕೊಂಡೆ. ಹಂಗ ನಾಕೈದು ವರ್ಷ ಹೋದ್ವು. ಆಮ್ಯಾಲ ಸೈಕಲ್ ಅಂದ್ರ ನನಗ ಸೇರೂದಿಲ್ಲ ಅಂತ ಹೇಳಾಕ ಶುರು ಮಾಡಿದೆ."

ನಾನು ಸೀಟು ಹಿಡಿದುಕೊಂಡೆ. ಮೊಣಕಾಲು ಎದೆಗೆ ತಾಗುವಂತೆ ತುಳಿಯುತ್ತ ಹೊರಟ. ಬಾಗಿಲಿಗೆ ರಂಗೋಲಿ ಹಾಕುತ್ತಿದ್ದ ಕಾಕು, "ಅಯ್ಯ, ಸಾವಕಾಶ್ರಿ!" ಎಂದು ಕೂಗಿದಳು. ಸ್ವಲ್ಪ ದೂರ ಹೋದ ಮೇಲೆ ನಾನು ಕೈ ಬಿಟ್ಟೆ. ಕಾಕಾ ವಾಲಾಡುತ್ತ ಗಲ್ಲಿಯ ತಿರುವಿನವರೆಗೆ ಹೋಗಿ, ಬ್ರೇಕು ಮರೆತು, ಎರಡೂ ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸಿದ. ಹಾಲಿನವನು ನಕ್ಕ. ಕಾಕಾ ಅವನಿಗಿಂತ ಜೋರಾಗಿ ನಕ್ಕ.

ಅದಾಗಿ ಎರಡು ವರ್ಷಕ್ಕೆ ಕಾಮಾಲೆ ಬಂದು, ಹೆಚ್ಚು ನರಳದೆ ಕಾಕಾ ತೀರಿಕೊಂಡ. ಕಾಕು ಈಗ ನನ್ನ ಜೊತೆಗಿದ್ದಾಳೆ. ನಾನು ಹಾರುವುದನ್ನು ಬಿಟ್ಟು ಬಹಳ ಕಾಲವಾಯಿತು, ಮೈ ಕೇಳುವುದಿಲ್ಲ. ಆದರೆ ಆ ಭಾನುವಾರಗಳನ್ನು ನಾನು ಮನಸಾರೆ ಅನುಭವಿಸಿದೆ. ಕಾಕಾನಿಗೆ ಸರಿಹೊಂದುವ ಸೈಕಲ್ಲು ಸಿಕ್ಕಾಗ ಅವನ ಪ್ರಾಯವೆಲ್ಲ ಕಳೆದುಹೋಗಿತ್ತು. ನನಗೆ ಹಾಗಾಗದಂತೆ ನೋಡಿಕೊಂಡವನು ಅವನೇ.