ಹೊಸ ತೊಡಕಿನ ದಿನ ವಾಸಿಯಾದ ಕಾಮಾಲೆ

ನಾನು ಕುಡಿತ ಬಿಡಲು ಆಸ್ಪತ್ರೆ ಸೇರಿದಾಗ ಅಪ್ಪ ನೆಂಟರಿಗೆಲ್ಲ ಹೇಳಿದ್ದು ಕಾಮಾಲೆ ಎಂದು. ಕಾಮಾಲೆ ಮರ್ಯಾದಸ್ಥರಿಗೂ ಬರುವ ಕಾಯಿಲೆ ನೋಡಿ. ವಸಂತಪುರದಲ್ಲಿ ತಾತನ ಹೊಲವಿದ್ದ ಜಾಗದಲ್ಲಿ ಈಗ ನಮ್ಮ ಬಾಡಿಗೆ ಮನೆಗಳಿವೆ, ಬೀದಿಯಲ್ಲಿ ಅಪ್ಪನಿಗೊಂದು ಹೆಸರಿದೆ. ಹಾಡಹಗಲೇ ಗೇಟಿನ ಮುಂದೆ ಬಿದ್ದಿದ್ದ ನನ್ನನ್ನು ಒಳಗೆ ಎತ್ತಿ ತಂದವರು ಬಾಡಿಗೆದಾರರೇ. ಅವರಿಗೆ ಗೊತ್ತಾದದ್ದು ಸಾಕು, ನೆಂಟರಿಗೆ ಗೊತ್ತಾಗುವುದು ಬೇಡ ಎನ್ನುವುದು ಅಪ್ಪನ ಲೆಕ್ಕ.

ಆಸ್ಪತ್ರೆಯಲ್ಲಿ ಮೊದಮೊದಲು ಕೈ ನಡುಗಿ ಟೀ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಔಷಧಿಯಿಂದ ನಡುಕ ನಿಂತ ಮೇಲೆ ಡಾಕ್ಟರು ಕೂರಿಸಿಕೊಂಡು ಹೇಳಿದರು, "ಇದು ಕೊಬ್ಬಲ್ಲ, ಕಾಯಿಲೆ. ಶುಗರ್ ಥರ ದಿನಾ ನೋಡ್ಕೊಳ್ತಾನೇ ಇರ್ಬೇಕು. ನಿಮ್ಗೆ ಇನ್ಮೇಲೆ ಒಂದೇ ಒಂದು ಪೆಗ್ ಅನ್ನೋದೂ ಇಲ್ಲ." ಅಲ್ಲಿ ಎಲ್ಲರೂ ಸುತ್ತ ಕೂತು ತಮ್ಮ ಕಥೆ ಹೇಳಿಕೊಳ್ಳಬೇಕಿತ್ತು. ನಾನೂ ಹೇಳಿದೆ. ಗುರುತಿಲ್ಲದವರ ಮುಂದೆ ಕುಡುಕ ಎಂದುಕೊಳ್ಳುವುದು ಅಂಥ ಕಷ್ಟವೇನಲ್ಲ.

ಮನೆಗೆ ಬಂದ ಮೇಲೆ ಕಾಮಾಲೆಯ ಕಾಟ ಶುರುವಾಯಿತು. ಅತ್ತೆಯರು ನೆಲನೆಲ್ಲಿ ಸೊಪ್ಪಿನ ರಸ ತಂದರು. ಇಲ್ಲದ ಕಾಯಿಲೆಗೆ ಖಾಲಿ ಹೊಟ್ಟೆಯಲ್ಲಿ ಆ ಕಹಿಯನ್ನೆಲ್ಲ ಕುಡಿದೆ. ಬಂದವರೆಲ್ಲ ನನ್ನ ಕಣ್ಣಿನ ರೆಪ್ಪೆ ಎಳೆದು, ಹಳದಿ ಇಳಿದಿದೆ ಎಂದು ಅಪ್ಪನಿಗೆ ಸಮಾಧಾನ ಹೇಳಿ ಹೋಗುತ್ತಿದ್ದರು. ಮತ್ತೆ ತೋರಿಸಲು ಆಸ್ಪತ್ರೆಗೆ ಹೋಗುವಾಗ ಅಪ್ಪನೇ ಸ್ಕೂಟರಿನಲ್ಲಿ ಕರೆದೊಯ್ಯುತ್ತಿದ್ದ. ಆದರೆ ಒಳಗೆ ಬರುತ್ತಿರಲಿಲ್ಲ. ತಲೆಯ ಹೆಲ್ಮೆಟ್ಟೂ ತೆಗೆಯದೆ ಕಾಂಪೌಂಡಿನ ಮೂಲೆಯಲ್ಲಿ ನಿಂತಿರುತ್ತಿದ್ದ, ಗುರುತಿನವರು ಯಾರಾದರೂ ನೋಡಿಬಿಟ್ಟಾರೆಂದು. ನನಗೆ ಕೋಪ ಬರುತ್ತಿತ್ತು. ಕೋಪ ಮಾಡಿಕೊಳ್ಳುವ ಮುಖ ನನಗೆಲ್ಲಿದೆ ಎಂದು ಸುಮ್ಮನಾಗುತ್ತಿದ್ದೆ.

ಯುಗಾದಿಯ ಮರುದಿನ ಹೊಸ ತೊಡಕು. ನಮ್ಮ ಕಡೆ ಅವತ್ತು ಬಾಡೂಟ, ಇಸ್ಪೀಟು, ಗಂಡಸರಿಗೆ ಗುಂಡು. ಯಾರೂ ತಪ್ಪಿಸುವಂತಿಲ್ಲ. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಚಿಕ್ಕಪ್ಪ ನನ್ನ ರೆಪ್ಪೆ ಎಳೆದು ನೋಡಿದ.

"ಕಣ್ಣು ಬೆಳ್ಳಗಾಗಿದೆ ಮಗಾ. ಕಾಮಾಲೆ ಹೋಯ್ತಲ್ಲ, ಇನ್ನೇನು?" ಎಂದು ಗ್ಲಾಸಿಗೆ ಬಗ್ಗಿಸಿ ನನ್ನ ಎಲೆಯ ಪಕ್ಕ ಇಟ್ಟ.

"ಇನ್ನೂ ಪೂರ್ತಿ ಹೋಗಿಲ್ಲ ಕಣೋ, ಡಾಕ್ಟ್ರು ಪಥ್ಯ ಹೇಳವ್ರೆ," ಎಂದ ಅಪ್ಪ, ತಲೆ ಎತ್ತದೆ.

ಪಥ್ಯ ಎಂದದ್ದೇ ತಡ, ಬಾಡು ಬಡಿಸುತ್ತಿದ್ದ ಅತ್ತೆ ನನ್ನ ಎಲೆ ದಾಟಿ ಹೋಗಿ ಮೊಸರನ್ನ ತಂದು ಹಾಕಿದಳು. ಚಿಕ್ಕಪ್ಪ ಬಿಡಲಿಲ್ಲ. "ಒಂದು ಗ್ಲಾಸ್‌ಗೆ ಏನೂ ಆಗಲ್ಲ, ತಗೋ," ಎಂದು ಗ್ಲಾಸನ್ನು ಇನ್ನಷ್ಟು ಹತ್ತಿರ ತಳ್ಳಿದ. ವಾಸನೆ ಮೂಗಿಗೆ ಹೊಡೆಯಿತು, ಬಾಯಲ್ಲಿ ನೀರೂರಿತು. ಹೇಳಲು ನಾಚಿಕೆಯಾಗುತ್ತದೆ, ನನ್ನ ಎಡಗೈ ಆಗಲೇ ಎಲೆಯ ಅಂಚಿಗೆ ಬಂದಿತ್ತು. ಇವತ್ತು ತಪ್ಪಿಸಿಕೊಂಡರೂ ಈ ಕಾಮಾಲೆ ಒಂದು ದಿನ ವಾಸಿಯಾಗಲೇಬೇಕಲ್ಲ, ಆಮೇಲೇನು?

"ಕಾಮಾಲೆ ಅಲ್ಲ ಚಿಕ್ಕಪ್ಪ, ಕುಡಿತ. ಕುಡಿತ ಬಿಡಿಸೋ ಆಸ್ಪತ್ರೇಲಿ ಇದ್ದೆ. ಗ್ಲಾಸ್ ತೆಗೀರಿ. ನಂಗೂ ಬಾಡು ಹಾಕ್ಸಿ."

ಕೊನೆಯ ಮಾತು ಹೇಗೆ ಬಂತೋ ಗೊತ್ತಿಲ್ಲ. ಯಾರೂ ನಗಲಿಲ್ಲ. ಚಿಕ್ಕಪ್ಪ ಗ್ಲಾಸನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅಪ್ಪ ಅರ್ಧ ಊಟದಲ್ಲೇ ಎದ್ದು ಹೋಗಿ ಕೈ ತೊಳೆದ. ಅಮ್ಮ ಬಂದು ನನ್ನ ಎಲೆಗೆ ಬಾಡು ಬಡಿಸಿದಳು. ಗೇಟಿನ ಮುಂದೆ ಬಿದ್ದಾಗ ಆಗದಿದ್ದ ನಾಚಿಕೆ, ಎಚ್ಚರದಲ್ಲಿ ಕೂತು ಉಣ್ಣುವಾಗ ಬಡ್ಡಿ ಸಮೇತ ಬಂತು. ಕುಡಿದಾಗ ಮಾನ ಕಳೆದದ್ದು ಸಾಲದೆಂದು, ಕುಡಿತ ಬಿಟ್ಟ ಮೇಲೂ ಅಪ್ಪನನ್ನು ಹಬ್ಬದ ಎಲೆಯಿಂದ ಎಬ್ಬಿಸಿದ್ದೆ.

ಆಮೇಲೆ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಬಸ್ಸಿನಲ್ಲೇ ಹೋಗೋಣವೆಂದು ಹೊರಗೆ ಬಂದರೆ ಸ್ಕೂಟರ್ ತೆಗೆದು ನಿಂತಿದ್ದ. ಎಂದಿನಂತೆ ಕಾಂಪೌಂಡಿನ ಮೂಲೆಯಲ್ಲಿ ಸ್ಕೂಟರ್ ನಿಲ್ಲಿಸಿದ. ಆದರೆ ಅವತ್ತು ನನ್ನ ಹಿಂದೆಯೇ ಒಳಗೆ ಬಂದ. ಹೆಲ್ಮೆಟ್ ಹಾಕಿಕೊಂಡೇ ಬೆಂಚಿನ ಮೇಲೆ ಕೂತ.

ನರ್ಸ್ ನನ್ನ ಹೆಸರು ಕೂಗಿ ಕೇಳಿದಳು, "ಈ ಪೇಷಂಟ್ ಕಡೆಯವ್ರು ಯಾರ್ರೀ?"

ಅಪ್ಪ ಎದ್ದು ನಿಂತು ಹೆಲ್ಮೆಟ್ ತೆಗೆದ. ನರೆತ ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಬೆಂಚುಗಳ ತುಂಬ ಜನ.

"ನಾನಮ್ಮ, ಅವರಪ್ಪ," ಎಂದ. ಅವಳು ಕೇಳದಿದ್ದರೂ ತಾನೇ ಹೇಳಿದ, "ಕುಡಿತಕ್ಕೆ ತೋರಿಸ್ತಾ ಇದೀವಿ."

ನಾನು ನೆಲ ನೋಡುತ್ತ ನಿಂತಿದ್ದೆ.