ಉಚ್ಚಂಗಮ್ಮ ಗೂಡು ಬೆರೆಸಿದ್ದು

ನಮ್ಮ ಬಿಳಿಚೋಡಿನ ಉಚ್ಚಂಗಮ್ಮನಷ್ಟು ಅನುಮಾನದ ಜೀವವನ್ನು ಜಗಳೂರು ತಾಲ್ಲೂಕು ಕಂಡಿಲ್ಲ. ಬೆಳಗಾದರೆ ಸೂರ್ಯನ ಆಧಾರ್ ಕಾರ್ಡು ನೋಡಿಯೇ ಕಿಟಕಿ ತೆರೆಯುವಾಕೆ. ಅವಳ ರೇಷ್ಮೆ ಮನೆಯೊಳಗೆ ಇರುವೆಯೂ ಆರೂ ಕಾಲಲ್ಲಿ ಸುಣ್ಣ ತುಳಿದೇ ಹೋಗಬೇಕು. ಅದಕ್ಕೇ ಇಪ್ಪತ್ತೆಂಟು ವರ್ಷದಲ್ಲಿ ಅವಳ ರೇಷ್ಮೆಗೂಡಿಗೆ ಯಾರೂ ಕೆಟ್ಟ ಹೆಸರಿಟ್ಟಿಲ್ಲ.

ಅಂಥವಳ ಬಾಗಿಲಿಗೆ ಕಳೆದ ವರ್ಷ ವಿಜಯಶ್ರೀ ಎಂಬ ಸಂಶೋಧಕಿ ಬಂದಳು. ಗೂಡು ಕತ್ತರಿಸಿ, ಹುಳ ತೆಗೆದು, ಬರೀ ಚಿಪ್ಪು ಕೊಡಬೇಕಂತೆ.

"ನೂಲು ತೆಗಿಯಲ್ವಾ?"

"ಇಲ್ಲಮ್ಮ, ಕರಗಿಸಿ ರಸ ಮಾಡ್ತೀವಿ. ಮದ್ದು, ಜೀವಕೋಶ ಬೆರೆಸಿ ಬೆಳಕು ಬಿಟ್ಟರೆ, ಬೆಳಕು ಬಿದ್ದ ಕಡೆ ಮಾತ್ರ ಗಟ್ಟಿಯಾಗುತ್ತೆ. ಹಿಂಗೆ ಪದರದ ಮೇಲೆ ಪದರ ಅಚ್ಚು ಹಾಕಿ, ಮುಂದೆಂದಾದ್ರೂ ಸವೆದ ಮಂಡಿಗೆ ತೇಪೆ ಹಾಕಾಕೆ ಆಗುತ್ತಾ ಅಂತ ನೋಡ್ತಿದೀವಿ."

"ನಮ್ಮ ಮಜ್ಜಿಗೆ ಮೂರು ದಿನ ಬಿಸಿಲಾಗಿಟ್ರೂ ಗಟ್ಟಿಯಾಗಿಲ್ಲ ಕಣವ್ವ. ಯಾರ ಕಿವಿಗೆ ಹೂವು ಇಡಾಕೆ ಬಂದಿ?"

ಹಾಗೆಂದರೂ ಕೊಟ್ಟಳು. ಆದರೆ ಪಕ್ಕದ ಮನೆ ತಿಪ್ಪೇರುದ್ರ ಹಿತ್ತಲಿಗೆ ಎಸೆದಿದ್ದ, ಒಳಗೇ ಹುಳ ಸತ್ತು ಕರಗಿದ ಗೂಡುಗಳನ್ನು ಆಯ್ದು ತಂದು, ಕಲೆ ಕೆರೆದು, ತನ್ನ ಹಾಲಿನಂಥ ಚಿಪ್ಪುಗಳ ನಡುವೆ ಸೇರಿಸಿಬಿಟ್ಟಳು. ನಿಜವಾದ ಪ್ರಯೋಗಾಲಯವಾದರೆ ಕಂಡುಹಿಡಿಯುತ್ತದೆ, ಹಿಡಿಯದಿದ್ದರೆ ಕಳ್ಳರು!

ತಿಂಗಳು ಕಳೆದು ವಿಜಯಶ್ರೀ ಸಣ್ಣ ಮುಖ ಮಾಡಿಕೊಂಡು ಬಂದಳು. "ರಸ ಮಬ್ಬಾಯ್ತಮ್ಮ. ಬೆಳಕು ಚೆದುರಿ ಅಚ್ಚೇ ನಿಲ್ಲಲಿಲ್ಲ. ಮೂರು ಸಲ ನೋಡಿದ್ವಿ. ಉಚ್ಚಂಗಮ್ಮನ ಗೂಡು ಆಗಲ್ಲ ಅಂತ ಬರೆದಿದೀನಿ, ಕಳಿಸ್ಬೇಕು."

ಉಚ್ಚಂಗಮ್ಮ ಅಂಗಳದಲ್ಲಿ ಶತಪಥ ಹಾಕತೊಡಗಿದಳು. ಊರಿನ ಕೋಳಿಗಳೆಲ್ಲ ಹೆದರಿ ಮೊಟ್ಟೆ ವಾಪಸ್ ತೆಗೆದುಕೊಳ್ಳುವಂಥ ನಡಿಗೆ. ಸುಮ್ಮನಿದ್ದರೆ ಇಪ್ಪತ್ತೆಂಟು ವರ್ಷದ ಗೂಡಿಗೆ ಕೆಟ್ಟ ಹೆಸರು, ಬಾಯಿಬಿಟ್ಟರೆ ತನಗೆ.

ಜಗಲಿಯಲ್ಲಿದ್ದ ತಿಪ್ಪೇರುದ್ರ ಸಮಾಧಾನ ಹೇಳಿದ: "ಬಿಡು ದೊಡ್ಡವ್ವ, ಅವರ ಮಿಷನ್ನೇ ಕೆಟ್ಟಿರ್ಬೇಕು."

"ಮಿಷನ್ನು ಸರಿಯಾಗೇ ಐತೆ, ಬಾಯಿ ಮುಚ್ಚು!" ಎಂದವಳೇ ವಿಜಯಶ್ರೀ ಕಡೆ ತಿರುಗಿದಳು. "ಬರ್ಕಳವ್ವ. ಗೂಡು ಅಪ್ಪಟ, ಹೆಂಗಸು ಮೋಸಗಾತಿ. ಕೆಟ್ಟ ಗೂಡು ತಿಪ್ಪೇರುದ್ರನವು, ಬೆರೆಸಿದ ಕೈ ನಂದು."

"ಮಧ್ಯದಾಗೆ ನನ್ನ ಹೆಸರು ಯಾಕೆ?" ತಿಪ್ಪೇರುದ್ರ ಎದ್ದು ನಿಂತ.

ತಿಂಗಳ ಕೆಲಸ ಮಣ್ಣುಪಾಲಾದ ವಿಜಯಶ್ರೀಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಬರೆದ ಹಾಳೆಯನ್ನು ಹರಿದು ಹಾಕಿ, "ಇನ್ನೊಂದು ಸಲ ಕೊಡ್ರಿ. ಆದ್ರೆ ನಿಮ್ಮನ್ನ ನಂಬಲ್ಲ. ಒಂದೊಂದು ಗೂಡೂ ನನ್ನ ಕಣ್ಣೆದುರೇ ಕತ್ತರಿಸ್ಬೇಕು" ಎಂದಳು.

ಉಚ್ಚಂಗಮ್ಮನ ಮುಖ ಅರಳಿತು. "ಈಗ ನೋಡು, ಕೆಲಸ ಗೊತ್ತಿರೋಳ ಮಾತು" ಎಂದು ಮಣೆ ಹಾಕಿ, ಕತ್ತರಿ ತಂದಳು.